ಹೆಸರು ನರ್ಸಿಂಗ್ ಆಫೀಸರ್, ಗಂಡ್ಮಕ್ಕಳಿಗೆ ನೂರಕ್ಕೆ ಇಪ್ಪತ್ತೇ ಪೋಸ್ಟ್: ಈ ಗೊಂದಲ ಎಲ್ಲಿಂದ ಶುರುವಾಯ್ತು?

ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್, ಅಂದ್ರೆ ಹಿಂದಿನ ಸ್ಟಾಫ್ ನರ್ಸ್, ನೇಮಕಾತಿ ನೋಟಿಫಿಕೇಷನ್ ಬಂದಾಗಲೆಲ್ಲ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ನರ್ಸಿಂಗ್ ಓದಿರೋ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಸಾಲಿನ ಸ್ಕ್ರೀನ್‌ಶಾಟ್ ಓಡಾಡುತ್ತೆ. ನಾರ್ಸೆಟ್ ಅನ್ನೋ ಪರೀಕ್ಷೆಯಿಂದ ತುಂಬೋ ಏಮ್ಸ್ ಪೋಸ್ಟ್‌ಗಳಲ್ಲಿ ನೂರಕ್ಕೆ 80 ಹೆಣ್ಮಕ್ಕಳಿಗೆ, 20 ಗಂಡ್ಮಕ್ಕಳಿಗೆ ಅನ್ನೋ ಸಾಲು ಅದು. ಅದರ ಕೆಳಗೆ ಪ್ರಶ್ನೆಗಳು ಶುರುವಾಗ್ತವೆ. 2023ರಲ್ಲಿ ನಮ್ಮ ಹೈಕೋರ್ಟೇ ಸೇನೆಯ ನರ್ಸಿಂಗ್ ಕೆಲಸ ಹೆಂಗಸರಿಗೆ ಮಾತ್ರ ಅನ್ನೋದು ತಪ್ಪು ಅಂದಿತ್ತಲ್ಲ, ಮತ್ತೆ ಇದು ಹೆಂಗೆ? ರಾಜ್ಯ ಸರ್ಕಾರದ ಪೋಸ್ಟಿಗೆ ಹಾಕಿದ್ರೆ ಹೆಣ್ಮಕ್ಕಳಿಗೆ 33 ಪರ್ಸೆಂಟ್, ದಿಲ್ಲಿ ಪೋಸ್ಟಿಗೆ ಹಾಕಿದ್ರೆ 80, ಮಿಲಿಟರಿಗೆ ಹಾಕೋಣ ಅಂದ್ರೆ 100, ಓದಿದ್ದು ಒಂದೇ ಕೋರ್ಸು, ಬರೆದಿದ್ದು ಒಂದೇ ಪರೀಕ್ಷೆ, ನಿಯಮ ಮಾತ್ರ ಮೂರು ಯಾಕೆ?

ಗೊಂದಲ ಆಗೋದು ಸಹಜ. ಕೆಲಸದ ಹೆಸರಲ್ಲಿ ಗಂಡು ಹೆಣ್ಣು ಅನ್ನೋದನ್ನ ತೆಗೆದು ಎಷ್ಟೋ ವರ್ಷ ಆಯ್ತು, ಹೆಸರಿನ ಹಿಂದಿದ್ದ ಲೆಕ್ಕ ಮಾತ್ರ ಹಾಗೇ ಉಳಿದಿದೆ. ಇದನ್ನ ಬುಡದಿಂದ ಬಿಡಿಸಿ ನೋಡಬೇಕು.

ಹೆಸರಲ್ಲೇ ಹೆಂಗಸು

ನಮ್ಮ ಕಡೆ ಆಸ್ಪತ್ರೆಗೆ ಹೋದೋರು ನರ್ಸಮ್ಮ ಅಂತಾರೆ, ಸಿಸ್ಟರ್ ಅಂತಾರೆ, ಹಳೇ ಪುಸ್ತಕದಲ್ಲಿ ದಾದಿ ಅಂತಿದೆ. ಮೂರೂ ಹೆಣ್ಣಿಗೇ ಅಂಟಿಕೊಂಡಿರೋ ಪದಗಳು. ದಾದಿ ಅಂದ್ರೆ ಮೊದಲಿಗೆ ಮಗು ಎತ್ತಿ ಆಡಿಸೋಳು, ಹಾಲೂಡಿಸೋಳು. ಇಂಗ್ಲಿಷಿನ ನರ್ಸ್ ಪದದ ಬೇರು ಕೂಡ ಉಣಿಸಿ ಸಾಕೋದು ಅನ್ನೋ ಅರ್ಥದ ಲ್ಯಾಟಿನ್ ಮಾತೇ. ಸಿಸ್ಟರ್ ಬಂದಿದ್ದು ಕ್ರೈಸ್ತ ಸನ್ಯಾಸಿನಿಯರಿಂದ, ಆಮೇಲೆ ಬ್ರಿಟಿಷ್ ಆಸ್ಪತ್ರೆಗಳಲ್ಲಿ ಅದು ವಾರ್ಡ್ ಇನ್‌ಚಾರ್ಜ್ ಹುದ್ದೆಯ ಹೆಸರೇ ಆಗೋಯ್ತು, ಅಲ್ಲಿಂದ ಮಿಷನ್ ಆಸ್ಪತ್ರೆ, ಮಿಲಿಟರಿ ಆಸ್ಪತ್ರೆ ದಾರಿ ಹಿಡಿದು ನಮ್ಮೂರಿಗೂ ಬಂತು.

ಅದಕ್ಕಿಂತ ಹಿಂದೆ ಹೀಗಿರಲಿಲ್ಲ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದ ಅಂತ ಹೇಳುತ್ತೆ: ವೈದ್ಯ, ಔಷಧ, ಉಪಸ್ಥಾತೃ ಅಂದ್ರೆ ಪಕ್ಕದಲ್ಲಿದ್ದು ನೋಡಿಕೊಳ್ಳೋ ಪರಿಚಾರಕ, ಮತ್ತೆ ರೋಗಿ. ಪರಿಚಾರಕನಿಗೆ ಇರಬೇಕಾದ ಗುಣ ಅಂತ ಹೇಳಿರೋದು ಉಪಚಾರದ ತಿಳಿವಳಿಕೆ, ಕೈಚಳಕ, ರೋಗಿ ಮೇಲೆ ಪ್ರೀತಿ, ಶುಚಿತ್ವ. ಇದರಲ್ಲಿ ಯಾವುದೂ ಹೆಣ್ಣಿಗೆ ಮಾತ್ರ ಬರೋ ಗುಣ ಅಲ್ಲ. ಶುಶ್ರೂಷೆ ಅನ್ನೋ ನಮ್ಮ ಪದ ಇನ್ನೂ ಚೆನ್ನಾಗಿದೆ, ಸಂಸ್ಕೃತದಲ್ಲಿ ಕೇಳು ಅನ್ನೋ ಧಾತುವಿನಿಂದ ಹುಟ್ಟಿದ್ದು, ಕೇಳಿಸಿಕೊಳ್ಳಬೇಕು ಅನ್ನೋ ಬಯಕೆ ಅಂತ ಅದರ ಮೂಲ ಅರ್ಥ. ರಾತ್ರಿ ಎರಡು ಗಂಟೆಗೆ ನೋವು ಅಂತ ನರಳೋರ ಮಾತು ಕೇಳಿಸಿಕೊಳ್ಳೋದಕ್ಕೆ ಇದಕ್ಕಿಂತ ಒಳ್ಳೆ ಹೆಸರು ಸಿಗಲ್ಲ ಅನ್ಸುತ್ತೆ.

ಕೆಲಸ ಹೆಣ್ಣಿನದ್ದು ಅಂತ ಗಟ್ಟಿಯಾಗಿದ್ದು 19ನೇ ಶತಮಾನದಲ್ಲಿ. ಕ್ರಿಮಿಯಾ ಯುದ್ಧದ ತನಕ ಬ್ರಿಟಿಷ್ ಸೇನೆಯ ಗಾಯಾಳುಗಳನ್ನ ನೋಡಿಕೊಳ್ತಿದ್ದಿದ್ದು ಗಂಡಸರೇ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ನರ್ಸಿಂಗ್ ಶಾಲೆ ತೆರೆದಾಗ ಅದು ಹೆಣ್ಮಕ್ಕಳಿಗೋಸ್ಕರ ತೆರೆದಿದ್ದು, ಮನೆ ಹೊರಗೆ ಗೌರವದ ಕೆಲಸವೇ ಇಲ್ಲದ ಕಾಲದಲ್ಲಿ ಅದು ಹೆಂಗಸರಿಗೆ ದೊಡ್ಡ ಬಾಗಿಲೇ ಆಗಿತ್ತು, ಅದನ್ನ ಮರೀಬಾರದು. ಆದರೆ ಒಬ್ಬರಿಗೆ ತೆರೆದ ಬಾಗಿಲು ಇನ್ನೊಬ್ಬರಿಗೆ ಮುಚ್ಚಿಕೊಳ್ತು. ಬ್ರಿಟನ್ನಲ್ಲಿ 1919ರ ಕಾಯ್ದೆ ಗಂಡು ನರ್ಸುಗಳನ್ನ ಬೇರೆಯೇ ಪಟ್ಟಿಗೆ ಹಾಕ್ತು, ಅಲ್ಲಿನ ರಾಯಲ್ ಕಾಲೇಜ್ ಆಫ್ ನರ್ಸಿಂಗ್ ಗಂಡಸರಿಗೆ ಸದಸ್ಯತ್ವ ಕೊಟ್ಟಿದ್ದು 1960ರಲ್ಲಿ. ನಮ್ಮ ಆಸ್ಪತ್ರೆ ವ್ಯವಸ್ಥೆ ಪೂರ್ತಿ ಆ ಅಚ್ಚಿನಲ್ಲೇ ಎರಕ ಹೊಯ್ದಿದ್ದು.

ತುಮಕೂರು ಜಿಲ್ಲೆಗೆ ಈ ಹೆಣ್ಣಿನ ಪರಂಪರೆ ಚೆನ್ನಾಗಿ ಗೊತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷ ಡಿಸೆಂಬರಲ್ಲಿ ತೀರಿಕೊಂಡರು. ಸೂಲಗಿತ್ತಿ ಅನ್ನೋ ಪದಕ್ಕೆ ಕನ್ನಡದಲ್ಲಿ ಗಂಡು ರೂಪ ಇಲ್ಲ. ಆದರೆ ಇವತ್ತು ತುಮಕೂರಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ ಹುಡುಗ ನರ್ಸಿಂಗ್ ಕೌನ್ಸಿಲಲ್ಲಿ ರಿಜಿಸ್ಟರ್ ಆಗೋದು ನರ್ಸ್ ಮತ್ತು ಮಿಡ್‌ವೈಫ್ ಅಂತಲೇ. ಮಿಡ್‌ವೈಫ್ ಅನ್ನೋ ಹಳೇ ಇಂಗ್ಲಿಷ್ ಪದದ ಅರ್ಥ ಹೆಣ್ಣಿನ ಜೊತೆಗಿರೋರು ಅಂತ, ಜೊತೆಗಿರೋರು ಗಂಡೋ ಹೆಣ್ಣೋ ಅಂತ ಆ ಪದ ಹೇಳೋದೇ ಇಲ್ಲ. ಅಂದ್ರೆ ಹೆರಿಗೆ ಪಾಠ ಓದಿಸಿ, ಲೇಬರ್ ವಾರ್ಡಲ್ಲಿ ನಿಲ್ಲಿಸಿ ಕೇಸು ಬರೆಸಿ, ಲೈಸೆನ್ಸ್ ಕೊಡೋವರೆಗೆ ಹುಡುಗ ಹುಡುಗಿ ಅನ್ನೋ ಭೇದ ಇಲ್ಲ. ಭೇದ ಶುರುವಾಗೋದು ಕೆಲಸ ಕೊಡೋ ಹೊತ್ತಿಗೆ.

ಬೋರ್ಡ್ ಬದಲಾಯ್ತು, ಕರೆಯೋದು ಬದಲಾಗ್ಲಿಲ್ಲ

2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸ್ಟಾಫ್ ನರ್ಸ್ ಅನ್ನೋ ಹುದ್ದೆಗೆ ನರ್ಸಿಂಗ್ ಆಫೀಸರ್ ಅಂತಲೂ, ನರ್ಸಿಂಗ್ ಸಿಸ್ಟರ್ ಅನ್ನೋದಕ್ಕೆ ಸೀನಿಯರ್ ನರ್ಸಿಂಗ್ ಆಫೀಸರ್ ಅಂತಲೂ ಹೆಸರಿಡ್ತು. ಎರಡನೇ ಬದಲಾವಣೆ ಮೇಲ್ನೋಟಕ್ಕೆ ಸಣ್ಣದು, ಆದರೆ ಅದಕ್ಕೆ ಮುಂಚೆ ಪ್ರಮೋಷನ್ ಸಿಕ್ಕ ಗಂಡಸು ಹುದ್ದೆ ಹೆಸರಿನ ಪ್ರಕಾರ ಸಿಸ್ಟರ್ ಆಗಬೇಕಿತ್ತು ಅನ್ನೋದು ನೆನಪಿಟ್ಟುಕೊಂಡ್ರೆ ಅದರ ತೂಕ ಗೊತ್ತಾಗುತ್ತೆ. ನಮ್ಮ ರಾಜ್ಯದಲ್ಲೂ ಶುಶ್ರೂಷಕಿ, ಶುಶ್ರೂಷಕ ಅಂತ ಎರಡೆರಡು ಬರೆಯೋದು ಹೋಗಿ ಶುಶ್ರೂಷಣಾಧಿಕಾರಿ ಅನ್ನೋ ಒಂದೇ ಪದ ಬಂತು.

ಕನ್ನಡದಲ್ಲಿ ಅಧಿಕಾರಿ ಅನ್ನೋದಕ್ಕೆ ಗಂಡು ಹೆಣ್ಣು ಎರಡೂ ಹೊಂದುತ್ತೆ, ಹಾಗಾಗಿ ಆಯ್ಕೆ ಒಳ್ಳೇದೇ. ಆದರೆ ಇಲಾಖೆಯ ಇನ್ನೊಂದು ಕಡೆ ನೋಡಿ. ಹಳ್ಳಿ ಉಪಕೇಂದ್ರದಲ್ಲಿ ಕಿರಿಯ ಆರೋಗ್ಯ ಸಹಾಯಕಿ ಆಗಿದ್ದ ಎಎನ್‌ಎಂ, ಅಂದ್ರೆ ಹಳ್ಳಿ ನರ್ಸಮ್ಮ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ, ಕಿರಿಯ ಆರೋಗ್ಯ ಸಹಾಯಕ ಆಗಿದ್ದ ಗಂಡಸು ಆರೋಗ್ಯ ನಿರೀಕ್ಷಣಾಧಿಕಾರಿ. ಹೆಂಗಸು ಕಾಪಾಡೋಳು, ಗಂಡಸು ತಪಾಸಣೆ ಮಾಡೋನು. ಇಬ್ಬರೂ ಅಧಿಕಾರಿಗಳಾದರು, ಯಾರಿಂದ ಯಾವ ಕೆಲಸ ನಿರೀಕ್ಷೆ ಮಾಡ್ತೀವಿ ಅನ್ನೋದು ಮಾತ್ರ ಹೊಸ ಹೆಸರಿನ ಒಳಗೂ ಸೇರಿಕೊಳ್ತು.

ವಾರ್ಡಲ್ಲಿ ನಡೆಯೋದಂತೂ ಬೇರೆಯೇ. ಗಂಡು ನರ್ಸ್ ಡ್ರಿಪ್ ಹಾಕೋಕೆ ಬಂದ್ರೆ ರೋಗಿ ಕಡೆಯೋರು ಎದ್ದು ನಿಂತು ಡಾಕ್ಟ್ರೇ ಅಂತಾರೆ, ಅಲ್ಲಪ್ಪ ನಾನು ನರ್ಸು ಅಂದ ಮೇಲೆ ಬ್ರದರ್ ಅಂತಾರೆ, ಇಲ್ಲಾ ಕಾಂಪೌಂಡ್ರು ಅಂತಾರೆ. ಅದೇ ವಾರ್ಡಿಗೆ ಎಂಡಿ ಮಾಡಿರೋ ಲೇಡಿ ಡಾಕ್ಟರ್ ಬಂದ್ರೆ ಸಿಸ್ಟರ್, ಡಾಕ್ಟ್ರು ಯಾವಾಗ ಬರ್ತಾರೆ ಅಂತ ಅವರನ್ನೇ ಕೇಳ್ತಾರೆ. ಎರಡೂ ಒಂದೇ ತಪ್ಪು. ಪ್ಯಾಂಟ್ ಷರ್ಟ್ ಕಂಡ್ರೆ ಡಾಕ್ಟರ್, ಸೀರೆ ಚೂಡಿದಾರ ಕಂಡ್ರೆ ನರ್ಸ್ ಅಂತ ಕಣ್ಣು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತೆ, ಅದರಿಂದ ಗಂಡು ನರ್ಸ್‌ಗೆ ಅವನದಲ್ಲದ ಗೌರವ ಸಿಗುತ್ತೆ, ಹೆಣ್ಣು ಡಾಕ್ಟರಿಗೆ ಅವರದ್ದೇ ಆದ ಗೌರವ ತಪ್ಪುತ್ತೆ.

33, 80, 100: ಮೂರು ಲೆಕ್ಕದ ವ್ಯತ್ಯಾಸ

ಈಗ ಅಸಲಿ ಗೊಂದಲಕ್ಕೆ ಬರೋಣ. ಮೂರೂ ಕಡೆ ಮಹಿಳಾ ಮೀಸಲಾತಿ ಅನ್ನೋ ಒಂದೇ ಮಾತು ಬಳಸ್ತಾರೆ, ಮೂರೂ ಬೇರೆ ಬೇರೆ ವಸ್ತು.

ಬೆಂಗಳೂರಿನ ಸಿಟಿ ಬಸ್ಸಲ್ಲಿ ಮುಂದಿನ ಕೆಲವು ಸೀಟಿನ ಮೇಲೆ ಮಹಿಳೆಯರಿಗೆ ಅಂತ ಬರೆದಿರುತ್ತೆ. ಆ ಸೀಟು ಹೆಂಗಸರಿಗೆ ಖಾತ್ರಿ. ಉಳಿದ ಸೀಟಲ್ಲಿ ಯಾರು ಬೇಕಾದ್ರೂ ಕೂರಬಹುದು, ಹೆಂಗಸರೂ ಕೂರಬಹುದು. ಕರ್ನಾಟಕದ ಸರ್ಕಾರಿ ನೇಮಕಾತಿಯ 33 ಪರ್ಸೆಂಟ್ ಇಂಥದ್ದು. ನೂರು ಪೋಸ್ಟಲ್ಲಿ ಕನಿಷ್ಠ 33 ಹೆಂಗಸರು ಬರಲೇಬೇಕು, ಮೆರಿಟ್ಟಲ್ಲೇ 60 ಜನ ಬಂದ್ರೆ 60 ಜನಾನೂ ಇರಬಹುದು. ಆಂಧ್ರದಲ್ಲಿ ಇದೇ ರೀತಿ ಹೆಂಗಸರಿಗೆ ಕನಿಷ್ಠ 30 ಪರ್ಸೆಂಟ್ ಆದ್ಯತೆ ಕೊಟ್ಟ ನಿಯಮವನ್ನ 1995ರಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡೀತು. ಸಂವಿಧಾನದ 16(2)ನೇ ವಿಧಿ ಸರ್ಕಾರಿ ಕೆಲಸದಲ್ಲಿ ಲಿಂಗದ ಆಧಾರದ ಮೇಲೆ ಭೇದ ಮಾಡಬಾರದು ಅನ್ನುತ್ತೆ, ಆದರೆ 15(3)ನೇ ವಿಧಿ ಹೆಂಗಸರಿಗೆ, ಮಕ್ಕಳಿಗೆ ವಿಶೇಷ ಸೌಲಭ್ಯ ಮಾಡಬಹುದು ಅನ್ನುತ್ತೆ, ಆ 15(3)ರ ಬಲ ನೇಮಕಾತಿಗೂ ಇದೆ ಅಂತ ಕೋರ್ಟ್ ಹೇಳ್ತು.

ಏಮ್ಸ್‌ನ 80:20 ಬೇರೆ. ಎಲ್ಲ ಏಮ್ಸ್‌ಗಳಿಗೂ ಸೇರಿ ತೀರ್ಮಾನ ಮಾಡೋ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಬಾಡಿ 2019ರ ಜುಲೈಯಲ್ಲಿ ತೀರ್ಮಾನ ಮಾಡಿದ್ದು ಇದು. ಬಸ್ಸಿನ ಉದಾಹರಣೆಗೇ ಬಂದ್ರೆ, ಗಂಡಸರು ಹಿಂದಿನ ಇಷ್ಟೇ ಸೀಟಲ್ಲಿ ಕೂರಬೇಕು, ಮುಂದೆ ಜಾಗ ಬಿಟ್ಟಿರೋದು ಅವರಿಗಲ್ಲ ಅಂದಂಗೆ. ಇಲ್ಲಿ ಹೆಂಗಸರಿಗೆ ಕನಿಷ್ಠ ಇಷ್ಟು ಅನ್ನೋದರ ಜೊತೆಗೆ ಗಂಡಸರಿಗೆ ಗರಿಷ್ಠ ಇಷ್ಟೇ ಅನ್ನೋದೂ ಸೇರಿಕೊಂಡಿದೆ.

ಇದರ ಪೆಟ್ಟು ಯಾರಿಗೆ ಹೆಚ್ಚು ಬೀಳುತ್ತೆ ಅಂತ ಲೆಕ್ಕ ಹಾಕಿ ನೋಡಿ. ನೂರು ಪೋಸ್ಟ್ ಇದೆ ಅಂತ ಇಟ್ಟುಕೊಳ್ಳಿ, ಗಂಡಸರಿಗೆ 20. ಕೇಂದ್ರದ ಮೀಸಲಾತಿ ಪ್ರಕಾರ ಆ 20ರಲ್ಲಿ ಪರಿಶಿಷ್ಟ ಜಾತಿಗೆ 15 ಪರ್ಸೆಂಟ್ ಅಂದ್ರೆ 3 ಪೋಸ್ಟ್, ಪರಿಶಿಷ್ಟ ಪಂಗಡಕ್ಕೆ 7.5 ಪರ್ಸೆಂಟ್ ಅಂದ್ರೆ ಒಂದೂವರೆ ಪೋಸ್ಟ್. ಪೂರ್ತಿ ನೂರರ ಮೇಲೆ ಲೆಕ್ಕ ಹಾಕಿದ್ರೆ 15, 7.5 ಇರ್ತಿತ್ತು. ಪಾವಗಡದ ಇಲ್ಲಾ ಬಾಗೇಪಲ್ಲಿಯ ಕೂಲಿ ಮಾಡೋರ ಮನೆಯ ಪರಿಶಿಷ್ಟ ಜಾತಿ ಹುಡುಗ, ಸಾಲ ಮಾಡಿ ಓದಿದೋನು, ಇಡೀ ದೇಶದೋರ ಜೊತೆ ಆ ಮೂರು ಪೋಸ್ಟಿಗೆ ನಿಲ್ಲಬೇಕು. ಏಳನೇ ವೇತನ ಆಯೋಗದ ಲೆವೆಲ್ 7, ಮೂಲ ವೇತನವೇ 44,900 ರೂಪಾಯಿಂದ ಶುರು ಆಗೋ ಕೆಲಸ ಅದು, ಅಂಥ ಮನೆಗೆ ಅದು ಸಣ್ಣ ವಿಷಯ ಅಲ್ಲ.

ಮೂರನೇದು 100 ಪರ್ಸೆಂಟ್. ಮಿಲಿಟರಿ ನರ್ಸಿಂಗ್ ಸರ್ವಿಸ್ ನಡೆಯೋದು ಎರಡನೇ ಮಹಾಯುದ್ಧದ ಕಾಲದ 1943ರ ಆರ್ಡಿನೆನ್ಸ್ ಮೇಲೆ. ಅದರ 6ನೇ ಸೆಕ್ಷನ್ ಪ್ರಕಾರ ಅಧಿಕಾರಿ ಆಗಬೇಕಂದ್ರೆ ಮಹಿಳೆ ಆಗಿರಬೇಕು ಅಂತಿತ್ತು. ಹೀಗಾಗಿ ಒಂದೇ ಮಿಲಿಟರಿ ಆಸ್ಪತ್ರೆಯಲ್ಲಿ ಬಿಎಸ್ಸಿ ನರ್ಸಿಂಗ್ ಮಾಡಿದ ಹುಡುಗಿ ಲೆಫ್ಟಿನೆಂಟ್ ಆಗಿ ಸೇರ್ತಾಳೆ, ಅದೇ ಡಿಗ್ರಿ ಇರೋ ಹುಡುಗನಿಗೆ ಅಲ್ಲಿ ಅಧಿಕಾರಿ ಹುದ್ದೆ ಇಲ್ಲ, ಬೇಕಿದ್ರೆ ಜವಾನ್ ದರ್ಜೆಯ ನರ್ಸಿಂಗ್ ಅಸಿಸ್ಟೆಂಟ್ ಆಗಬಹುದು. 2010ರ ಇಂಥ ಒಂದು ಜಾಹೀರಾತನ್ನ ನಮ್ಮ ರಾಜ್ಯದ ಗಂಡು ನರ್ಸ್‌ಗಳೇ ಕೋರ್ಟಿಗೆ ಒಯ್ದರು. 2023ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದಲ್ಲಿ ನ್ಯಾಯಮೂರ್ತಿ ಅನಂತ ರಾಮನಾಥ ಹೆಗಡೆ ಅವರು ಮಹಿಳೆ ಆಗಿರಬೇಕು ಅನ್ನೋ ಆ ಷರತ್ತನ್ನ ಅಸಾಂವಿಧಾನಿಕ ಅಂತ ತೆಗೆದು ಹಾಕಿದರು. 15(3)ನೇ ವಿಧಿ ಹೆಂಗಸರಿಗೆ ಮೀಸಲಾತಿ ಕೊಡೋಕೆ ದಾರಿ, ಗಂಡಸರನ್ನ ಪೂರ್ತಿ ಹೊರಗಿಡೋಕೆ ಅಲ್ಲ ಅನ್ನೋದು ಆ ತೀರ್ಪಿನ ತಿರುಳು.

ಈಗ ಗೊಂದಲಕ್ಕೆ ಉತ್ತರ ಸಿಗುತ್ತೆ. 33 ಪರ್ಸೆಂಟಿನ ಕನಿಷ್ಠ ಲೆಕ್ಕ ಸರಿ ಅಂತ ಕೋರ್ಟುಗಳು ಒಪ್ಪಿವೆ, 100 ಪರ್ಸೆಂಟ್ ತಪ್ಪು ಅಂತ ನಮ್ಮ ಹೈಕೋರ್ಟ್ ಹೇಳಿದೆ. 80:20 ಇವೆರಡರ ನಡುವೆ ಇದೆ. ಗಂಡಸರನ್ನ ಪೂರ್ತಿ ಹೊರಗಿಟ್ಟಿಲ್ಲ ಅಂತ ಒಬ್ಬರು ವಾದ ಮಾಡಬಹುದು, ಮೆರಿಟ್ ಇದ್ದೋರನ್ನೂ 20ಕ್ಕೆ ಕಟ್ಟಿ ಹಾಕಿದೆ ಅಂತ ಇನ್ನೊಬ್ಬರು ವಾದ ಮಾಡಬಹುದು. 2023ರ ತೀರ್ಪು ಸೇನೆಯ ಒಂದು ಕಾನೂನಿನ ಒಂದು ಷರತ್ತಿನ ಬಗ್ಗೆ, ಅದು ತಾನಾಗೇ ಏಮ್ಸ್ ನಿಯಮವನ್ನ ಬೀಳಿಸಲ್ಲ.

80 ಬೇಕು ಅನ್ನೋರ ಮಾತು

ಈ ನಿಯಮ ಬೇಕು ಅನ್ನೋರ ಮಾತನ್ನ ತಳ್ಳಿಹಾಕೋ ಹಂಗಿಲ್ಲ. ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು, ಹೆರಿಗೆ ವಾರ್ಡು, ಮಕ್ಕಳ ವಾರ್ಡು ಇರ್ತವೆ. ಹೆರಿಗೆ ನೋವಲ್ಲಿರೋ ಹೆಣ್ಮಗಳಿಗೆ ಗುರುತಿಲ್ಲದ ಗಂಡಸು ಬಂದು ಬಟ್ಟೆ ಸರಿಸಿದ್ರೆ ಆಗೋ ಸಂಕೋಚ ನಿಜವಾದ್ದು, ಮುಳಬಾಗಿಲು ಶಿಡ್ಲಘಟ್ಟದ ಹಳ್ಳಿಯಿಂದ ಬಂದ ತಾಯಂದಿರು ಆ ಸಂಕೋಚಕ್ಕೇ ಆಸ್ಪತ್ರೆ ಬೇಡ ಅಂದುಬಿಟ್ರೆ ಆಗೋ ಅನಾಹುತ ದೊಡ್ಡದು. ಇನ್ನೊಂದು ಮಾತು, ಹೆಣ್ಮಕ್ಕಳನ್ನ ದೂರ ಕಳಿಸಿ ಓದಿಸೋಕೆ ಹಿಂದೆ ಮುಂದೆ ನೋಡೋ ಮನೆಗಳೂ ನರ್ಸಿಂಗ್ ಅಂದ್ರೆ ಒಪ್ಪುತ್ವೆ. ಎಂಜಿನಿಯರಿಂಗ್, ಪೊಲೀಸು, ಸಾರಿಗೆ ಎಲ್ಲ ಕಡೆ ಗಂಡಸರದ್ದೇ ಮೇಲುಗೈ ಇರೋವಾಗ ಹೆಂಗಸರು ಕೈಯಾರೆ ಕಟ್ಟಿದ ಈ ಒಂದು ವೃತ್ತಿಯನ್ನೂ ಬಿಟ್ಟುಕೊಡಬೇಕಾ ಅನ್ನೋ ಪ್ರಶ್ನೆಯಲ್ಲಿ ನ್ಯಾಯ ಇದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಪ್ರಕಾರ ಜಗತ್ತಿನ ಸುಮಾರು 2.8 ಕೋಟಿ ನರ್ಸ್‌ಗಳಲ್ಲಿ ನೂರಕ್ಕೆ 90ರಷ್ಟು ಹೆಂಗಸರೇ.

ಸಂಕೋಚದ ಪ್ರಶ್ನೆ ಒಂದೇ ಕಡೆಯಿಂದ ಯಾಕೆ?

ಆದರೆ ಗಂಡಸರ ಮೆಡಿಕಲ್ ವಾರ್ಡಿಗೆ ಒಂದು ಸಲ ಹೋಗಿ ನೋಡಿ. ಅಲ್ಲಿ 60 ದಾಟಿದ ಯಜಮಾನ್ರು ಸ್ಟ್ರೋಕ್ ಆಗಿ ಮಲಗಿರ್ತಾರೆ, ಯೂರಿನ್ ಪೈಪ್ ಹಾಕಿರುತ್ತೆ. ಆ ಪೈಪ್ ಸುತ್ತ ಒರೆಸಿ ಕ್ಲೀನ್ ಮಾಡೋದು, ಬ್ಯಾಗ್ ಖಾಲಿ ಮಾಡಿ ಎಷ್ಟು ಎಂಎಲ್ ಬಂತು ಅಂತ ಚಾರ್ಟಲ್ಲಿ ಬರೆಯೋದು, ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡೆರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸೋದು, ಇದನ್ನೆಲ್ಲ ಬಹಳ ಸಲ ಮಾಡೋದು 23, 24 ವರ್ಷದ ಹುಡುಗಿ, ರಾತ್ರಿ ಪಾಳಿಯಲ್ಲಿ, ಇಡೀ ವಾರ್ಡಿಗೆ ಒಬ್ಬಳೇ. ಆ ರೋಗಿಗೆ ಸಂಕೋಚ ಆಗುತ್ತಾ ಅಂತ ಯಾರೂ ಕೇಳಿಲ್ಲ. ಆ ಹುಡುಗಿಗೆ ಕೆಟ್ಟ ಮಾತು, ಕೆಟ್ಟ ನೋಟ ಎದುರಾದ್ರೆ ಅವಳಿಗಾಗೋ ಸಂಕಟವನ್ನೂ ಯಾವ ನಿಯಮವೂ ಲೆಕ್ಕಕ್ಕೆ ತಗೊಂಡಿಲ್ಲ.

ಅಂದ್ರೆ ಗಂಡು ಮುಟ್ಟಿದ್ರೆ ಅದು ಅನುಮಾನ, ಹೆಣ್ಣು ಮುಟ್ಟಿದ್ರೆ ಅದು ಸೇವೆ ಅಂತ ಸಮಾಜ ನಂಬಿದೆ. 80:20 ಆ ನಂಬಿಕೆಯನ್ನ ಹಾಗೇ ಎತ್ತಿಕೊಂಡು ನಿಯಮ ಮಾಡಿದೆ. ರೋಗಿಯ ಸಂಕೋಚವೇ ಕಾರಣ ಅನ್ನೋದಾದ್ರೆ ಗಂಡಸರ ವಾರ್ಡಿಗೆ ಸಾಕಾಗುವಷ್ಟು ಗಂಡು ನರ್ಸ್ ಬೇಕು, ಅದು 20 ಪರ್ಸೆಂಟಲ್ಲಿ ಹೇಗೆ ಸರಿಹೋಗುತ್ತೆ? ಗಂಡು ಡಾಕ್ಟರ್ ಹೆಂಗಸರನ್ನ ಪರೀಕ್ಷೆ ಮಾಡೋವಾಗ ಪಕ್ಕದಲ್ಲಿ ಹೆಣ್ಣು ಸಿಬ್ಬಂದಿ ಇರೋ ಪದ್ಧತಿ ಇದೆ, ಅದರಿಂದಲೇ ಗಂಡು ಗೈನಕಾಲಜಿಸ್ಟ್‌ಗಳನ್ನ ಜನ ಒಪ್ಪಿಕೊಂಡಿದ್ದಾರೆ. ಸಂಕೋಚದ ಸಮಸ್ಯೆ ಬಗೆಹರಿಯೋ ಜಾಗ ಡ್ಯೂಟಿ ಪಟ್ಟಿ. ಲೇಬರ್ ವಾರ್ಡಿಗೆ ಹೆಂಗಸರನ್ನೇ ಹಾಕಿ, ಐಸಿಯು, ಎಮರ್ಜೆನ್ಸಿ, ಡಯಾಲಿಸಿಸ್, ಆಪರೇಷನ್ ಥಿಯೇಟರ್, ಮಾನಸಿಕ ಚಿಕಿತ್ಸೆ, ಮೂಳೆ ವಾರ್ಡಿಗೆ ಇಬ್ಬರನ್ನೂ ಹಾಕಿ. ನೇಮಕಾತಿಯ ಬಾಗಿಲಲ್ಲೇ ನೂರಕ್ಕೆ ಇಷ್ಟು ಅಂತ ಕತ್ತರಿಸಿದ್ರೆ ಯಾವ ವಾರ್ಡಿಗೆ ಯಾರು ಬೇಕು ಅನ್ನೋ ಪ್ರಶ್ನೆ ಹಾಗೇ ಉಳಿಯುತ್ತೆ.

ಹೆಣ್ಮಕ್ಕಳಿಗೂ ಇದರಿಂದ ಪೂರ್ತಿ ಲಾಭ ಇಲ್ಲ

ಇದನ್ನ ಗಂಡು ಹೆಣ್ಣಿನ ಜಗಳ ಅಂತ ನೋಡಿದ್ರೆ ದಾರಿ ತಪ್ಪುತ್ತೆ. ಹೆಂಗಸರ ಕೆಲಸ ಅನ್ನೋ ಮುದ್ರೆ ಬಿದ್ದ ಕೆಲಸಕ್ಕೆ ಸಂಬಳ ಏರೋದು ನಿಧಾನ. ಮನೆಯಲ್ಲಿ ಪುಕ್ಕಟೆ ಮಾಡೋ ಆರೈಕೆಯೇ ಇಲ್ಲೂ ನಡೀತಿರೋದು ಅನ್ನೋ ಭಾವನೆ ಇರುತ್ತೆ, ಸೇವೆ, ತ್ಯಾಗ, ತಾಯ್ತನ ಅಂತ ಮೇ 12ರ ನರ್ಸ್ ದಿನದಂದು ಹಾರ ಹಾಕ್ತಾರೆ, ಮಾರನೇ ದಿನ ಒಬ್ಬಳ ಕೈಲಿ ಮೂರು ಜನದ ಕೆಲಸ ಮಾಡಿಸ್ತಾರೆ. ಔಷಧಿ ಡೋಸ್ ಲೆಕ್ಕ ಹಾಕೋದು, ವೆಂಟಿಲೇಟರ್ ಗಮನಿಸೋದು, ರೋಗಿ ಕೆಡ್ತಾ ಇರೋದನ್ನ ಡಾಕ್ಟರಿಗಿಂತ ಮೊದಲು ಗುರುತಿಸೋದು ಕಲಿತು ಬಂದ ವಿದ್ಯೆ. ಅದನ್ನ ಹೆಣ್ಣಿನ ಹುಟ್ಟುಗುಣ ಅಂದ ಕೂಡ್ಲೇ ಆ ವಿದ್ಯೆಗೆ ಬೆಲೆ ಕಟ್ಟೋದೇ ನಿಂತುಹೋಗುತ್ತೆ.

ಇದರ ಇನ್ನೊಂದು ಮಗ್ಗುಲೂ ಇದೆ, ಗಂಡು ನರ್ಸ್‌ಗಳ ಪರ ಮಾತಾಡೋರು ಇದನ್ನ ಮುಚ್ಚಿಡಬಾರದು. ಹೆಂಗಸರು ಹೆಚ್ಚಿರೋ ವೃತ್ತಿಗೆ ಬಂದ ಗಂಡಸರು ಬೇಗ ಮೇಲಿನ ಹುದ್ದೆಗೆ ಏರ್ತಾರೆ ಅಂತ ಅಮೆರಿಕದ ಸಮಾಜಶಾಸ್ತ್ರಜ್ಞೆ ಕ್ರಿಸ್ಟೀನ್ ವಿಲಿಯಮ್ಸ್ 1992ರಲ್ಲೇ ತೋರಿಸಿಕೊಟ್ಟರು. ಆರೋಗ್ಯ ಕ್ಷೇತ್ರದ ಕೆಲಸಗಾರರಲ್ಲಿ ಹೆಂಗಸರು ಸುಮಾರು 70 ಪರ್ಸೆಂಟ್ ಇದ್ದರೂ ಉನ್ನತ ಹುದ್ದೆಗಳಲ್ಲಿ 25 ಪರ್ಸೆಂಟ್ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳ್ತು. ಹಾಗಾಗಿ ಹೆಂಗಸರಿಗೆ ಮೀಸಲಾತಿ ಬೇಡ ಅನ್ನೋದು ಇಲ್ಲಿ ಉತ್ತರ ಅಲ್ಲ. ಕನಿಷ್ಠ ಇಷ್ಟು ಅನ್ನೋ ಖಾತ್ರಿ ನೇಮಕಾತಿಯಲ್ಲೂ ಇರಲಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಮಟ್ಟದ ಹುದ್ದೆಗಳಲ್ಲೂ ಇರಲಿ. ಗರಿಷ್ಠ ಇಷ್ಟೇ ಅನ್ನೋ ಕಟ್ಟು ಹೋಗಲಿ.

ನಮ್ಮ ಮೂರು ಜಿಲ್ಲೆಯಲ್ಲಿ ಇದರ ಪರಿಣಾಮ

ದಿಲ್ಲಿಯ ನಿಯಮ ಅಂತ ಸುಮ್ಮನಿರೋಕಾಗಲ್ಲ, ಸರಪಳಿ ಊರ ತನಕ ಬರುತ್ತೆ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮಾಡಿದೋರು ನಾರ್ಸೆಟ್ ಬರೀಬೇಕಂದ್ರೆ ಕನಿಷ್ಠ 50 ಬೆಡ್ ಇರೋ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿರಬೇಕು. ಆ ಅನುಭವ ಸಿಗೋದು ಹೆಚ್ಚಾಗಿ ಖಾಸಗಿ ಆಸ್ಪತ್ರೆಯಲ್ಲಿ. ಖಾಸಗಿಯಲ್ಲಿ ಎಷ್ಟೋ ಕಡೆ ಸ್ಟಾಫ್ ನರ್ಸ್ ಬೇಕಾಗಿದ್ದಾರೆ, ಲೇಡೀಸ್ ಮಾತ್ರ ಅಂತ ಬೋರ್ಡ್ ಹಾಕಿರ್ತಾರೆ, 16ನೇ ವಿಧಿ ಸರ್ಕಾರಿ ಕೆಲಸಕ್ಕೆ ಮಾತ್ರ ಅನ್ವಯ, ಹಾಗಾಗಿ ಆ ಬೋರ್ಡಿನ ವಿರುದ್ಧ ಅದನ್ನ ಹಿಡಿದು ಹೋಗೋಕಾಗಲ್ಲ. ಹುಡುಗನಿಗೆ ಕೆಲಸ ಸಿಗದಿದ್ರೆ ಅನುಭವ ಇಲ್ಲ, ಅನುಭವ ಇಲ್ಲ ಅಂದ್ರೆ ಪರೀಕ್ಷೆಗೆ ಕೂರೋ ಅರ್ಹತೆ ಇಲ್ಲ, ಅರ್ಹತೆ ಗಿಟ್ಟಿಸಿಕೊಂಡು ಬಂದ್ರೂ 20 ಪರ್ಸೆಂಟ್. ಕೊನೆಗೆ ಬೆಂಗಳೂರಿಗೆ ದಿನಾ ಟ್ರೈನಲ್ಲಿ ಓಡಾಡಿಕೊಂಡು ಕಾರ್ಪೊರೇಟ್ ಆಸ್ಪತ್ರೆ ಐಸಿಯುಲಿ ಕೆಲಸ ಮಾಡ್ತಾನೆ, ಇಲ್ಲಾ ವಿದೇಶಕ್ಕೆ ಅರ್ಜಿ ಹಾಕ್ತಾನೆ, ಇಲ್ಲಾ ಮೆಡಿಕಲ್ ಇನ್ಶೂರೆನ್ಸ್ ಕಂಪನಿಯ ಡೆಸ್ಕಿಗೆ ಹೋಗ್ತಾನೆ. ಮೂರು ವರ್ಷದ ತರಬೇತಿ ವಾರ್ಡಿನಿಂದ ಹೊರಗೆ ಹೋಯ್ತು. ಆ ವಾರ್ಡಲ್ಲಿ ಉಳಿದಿರೋದು ಅದೇ ಒಬ್ಬಳೇ ಹುಡುಗಿ, ಅದೇ ರಾತ್ರಿ ಪಾಳಿ.

ಸದ್ಯಕ್ಕೆ ಅರ್ಜಿ ಹಾಕೋರು ನೋಟಿಫಿಕೇಷನ್ನಲ್ಲಿ ಒಟ್ಟು ಪೋಸ್ಟ್ ಎಷ್ಟು ಅಂತ ನೋಡಿದ್ರೆ ಸಾಲದು. ಮಹಿಳೆಯರಿಗೆ ಕನಿಷ್ಠ ಅಂತ ಬರೆದಿದ್ಯಾ ಇಲ್ಲಾ ಗಂಡು ಹೆಣ್ಣು ಅಂತ ಎರಡು ಭಾಗ ಮಾಡಿದ್ಯಾ ಅಂತ ನೋಡಿ, ಎರಡು ಭಾಗ ಮಾಡಿದ್ರೆ ನಿಮ್ಮ ಭಾಗದೊಳಗೆ ನಿಮ್ಮ ಕೆಟಗರಿಗೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿ, ಕಟ್ ಆಫ್ ಅಂದಾಜು ಮಾಡೋದು ಅದರ ಮೇಲೆ. ರಾಜ್ಯದ ಶುಶ್ರೂಷಣಾಧಿಕಾರಿ ಪೋಸ್ಟ್ ಕರೆದಾಗ ಇದೇ ಲೆಕ್ಕ ಪೂರ್ತಿ ಬೇರೆ ಇರುತ್ತೆ, ಎರಡಕ್ಕೂ ಒಂದೇ ಅಂದಾಜು ಇಟ್ಟುಕೊಂಡು ಅರ್ಜಿ ಹಾಕಬೇಡಿ.